ಡಿಸೆಂಬರಿನಲ್ಲಿ ಕೊಂಡ ಛತ್ರಿ

ನಮ್ಮ ಮನೆಯವರ ಹಾಗೆ ಗೊಣಗುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಇದನ್ನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ. ಬೆಳಿಗ್ಗೆ ಎದ್ದು ಬಚ್ಚಲಿನ ಚಿಲಕದಿಂದ ಶುರು ಮಾಡಿದರೆ, ಟೀ ಸೋಸುವ ಜಾಲರಿ, ಷರ್ಟಿನ ಗುಂಡಿ, ಸೈಕಲ್ಲಿನ ಚೈನು, ಟಿಫನ್ ಕ್ಯಾರಿಯರಿನ ಮುಚ್ಚಳ ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿಕೊಂಡೇ ಕಾರ್ಖಾನೆಗೆ ಹೊರಡುತ್ತಿದ್ದರು. ಅದು ಬೈಗುಳವಲ್ಲ, ಜಗಳವೂ ಅಲ್ಲ. ಯಾರನ್ನೂ ದೂರುತ್ತಿರಲಿಲ್ಲ. ತಮ್ಮಷ್ಟಕ್ಕೆ ತಾವೇ, ಆದರೆ ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ. ಮದುವೆಯಾದ ಹೊಸದರಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆಮೇಲಾಮೇಲೆ ಅದೇ ಗೊಣಗಾಟಕ್ಕೆ ಕಿವಿಗೊಟ್ಟು ಕೂರುವವಳಾದೆ. ಅದಕ್ಕೆ ಕಾರಣ ನಮ್ಮ ಪಕ್ಕದ ಮನೆಯ ಅಕ್ಕ.

ನಾವು ಆಗ ಭದ್ರಾವತಿಯ ಜನ್ನಾಪುರದಲ್ಲಿ ಬಾಡಿಗೆಗಿದ್ದೆವು. ಇವರು ಕಾರ್ಖಾನೆಯಲ್ಲಿ ಫಿಟರ್, ನಾನು ಪ್ರೈಮರಿ ಶಾಲೆಯಲ್ಲಿ ಟೀಚರ್. ನಮ್ಮದು ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿಯೇ ಕಾಫಿ ಕುಡಿಯುವ ಮನೆ. ಪಕ್ಕದವರು ತಮಿಳು ಮಾತಾಡುವ ಕ್ರಿಶ್ಚಿಯನ್ನರು. ಅವರ ಯಜಮಾನರಿಗೂ ಇದೇ ಕಾರ್ಖಾನೆಯಲ್ಲೇ ಕೆಲಸ. ನಾನು ಆ ಗಂಡ ಹೆಂಡತಿಯನ್ನು ಅಣ್ಣ, ಅಕ್ಕ ಎಂದೇ ಕರೆಯುತ್ತಿದ್ದೆ. ಎರಡು ಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಆ ಗೋಡೆಯಾಚೆ ಅರ್ಧ ತಮಿಳು, ಅರ್ಧ ಕನ್ನಡದಲ್ಲಿ ಇಬ್ಬರೂ ದಿನಬೆಳಗಾದರೆ ಗೊಣಗುತ್ತಿದ್ದರು. ಕುಕ್ಕರು ಸೀಟಿ ಹೊಡೆಯುವುದಿಲ್ಲ ಎಂದು ಅಕ್ಕನ ಗೋಳಾದರೆ, ಟಾರ್ಚು ತಟ್ಟಿದರೆ ಮಾತ್ರ ಹತ್ತುತ್ತದೆ ಎಂದು ಅಣ್ಣನ ಗೋಳು. ಪಾಪ, ಹೊಂದಾಣಿಕೆಯಿಲ್ಲದ ಸಂಸಾರ ಎಂದುಕೊಂಡಿದ್ದೆ.

ಆ ವರ್ಷದ ಕ್ರಿಸ್‌ಮಸ್ಸಿಗೆ ಅಕ್ಕ ನಮ್ಮಿಬ್ಬರನ್ನೂ ಕರೆದರು. ಬಾಗಿಲಲ್ಲಿ ಕಾಗದದ ನಕ್ಷತ್ರ, ಒಳಗೆ ಮೂಲೆಯಲ್ಲಿ ಹುಲ್ಲು ಹಾಸಿ ಬೊಂಬೆ ಕೂರಿಸಿದ ಗೋದಲಿ, ತಟ್ಟೆಯಲ್ಲಿ ಕೇಕು, ಕಲ್‌ಕಲ್ ಎಂಬ ಕರಿದ ಸಿಹಿತಿಂಡಿ. ಗಂಡ ಹೆಂಡತಿ ಈ ದಿನ ಒಬ್ಬರಿಗೊಬ್ಬರು ಉಡುಗೊರೆ ಕೊಡುತ್ತಾರೆ ಎಂದು ಕೇಳಿದ್ದೆ. ರಿಬ್ಬನ್ನು ಕಟ್ಟಿದ ಏನೋ ಚಂದದ ವಸ್ತು ಇರಬೇಕು ಎಂದು ಕಾತರದಿಂದ ನೋಡುತ್ತಿದ್ದರೆ, ಅಕ್ಕ ಹೆಮ್ಮೆಯಿಂದ ತಂದು ತೋರಿಸಿದ್ದು ಹೊಸ ಕುಕ್ಕರು. ಅಣ್ಣನ ಕೈಯಲ್ಲಿ ಹೊಸ ಟಾರ್ಚು. ನನಗೆ ನಗು ತಡೆಯಲಾಗಲಿಲ್ಲ.

"ನಗ್ಬೇಡಿ ಟೀಚರ್," ಎಂದರು ಅಕ್ಕ. "ನಮ್ಮನೇಲಿ ಏನು ಬೇಕು ಅಂತ ಕೇಳೋ ಹಾಗಿಲ್ಲ. ಇದು ಬೇಕು ಅಂತ ಹೇಳೋ ಹಾಗೂ ಇಲ್ಲ. ವರ್ಷ ಪೂರ್ತಿ ಗೊಣಗ್ತಾ ಇರೋದು, ಇನ್ನೊಬ್ರು ಕಿವಿ ತೆರ್ಕೊಂಡಿರೋದು. ಸರಿಯಾಗಿ ಕೇಳಿಸ್ಕೊಂಡ್ರಾ ಇಲ್ವಾ ಅಂತ ಇವತ್ತು ಗೊತ್ತಾಗುತ್ತೆ, ಅಷ್ಟೇ."

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಇವರು ಹೇಳಿದರು: "ಹಾಗಾದ್ರೆ ನಾನು ಇಷ್ಟು ದಿನ ಗೊಣಗಿದ್ದೆಲ್ಲ ದಂಡ ಆಯ್ತಲ್ಲ ಮಾರಾಯ್ತಿ!"

ಮರುವರ್ಷದಿಂದ ನಮ್ಮಲ್ಲೂ ಅದೇ ಪದ್ಧತಿ ಬಂತು. ದೀಪಾವಳಿಗೆ, ಯುಗಾದಿಗೆ ಸೀರೆ ಪಂಚೆ ಹೇಗೂ ಇದ್ದೇ ಇತ್ತು, ಅದು ಹಬ್ಬದ ಲೆಕ್ಕ. ಡಿಸೆಂಬರಿನ ಆ ರಜೆಯ ದಿನ ಮಾತ್ರ ನಮ್ಮಿಬ್ಬರದಾಯಿತು. ಹೊಳೆಹೊನ್ನೂರಿನಿಂದ ಬಂದಿದ್ದ ನಮ್ಮತ್ತೆ ಮೊದಲು ಮುಖ ಗಂಟು ಹಾಕಿಕೊಂಡರು. "ಲಿಂಗ ಕಟ್ಟಿಕೊಂಡೋರಿಗೆ ಏಸುವಿನ ಹಬ್ಬ ಯಾಕೆ ಕಣೇ?" ಎಂದು ಕೇಳಿದರು. ಮುಂದಿನ ಸಲ ಬಂದಾಗ ಮಾತ್ರ ತಮ್ಮ ಎಲೆಅಡಿಕೆ ಸಂಚಿಯ ದಾರ ಕಿತ್ತುಹೋದದ್ದನ್ನು ದಿನಕ್ಕೊಮ್ಮೆ ನನ್ನ ಹತ್ತಿರವೇ ಬಂದು ನಿಂತು ಗೊಣಗುತ್ತಿದ್ದರು. ಸಂಚಿ ಸಿಕ್ಕಿತೆನ್ನಿ.

ಈ ಪದ್ಧತಿಯಲ್ಲಿ ಎಡವಟ್ಟುಗಳೂ ಆದವು. ಗ್ಯಾಸ್ ಲೈಟರು ಹತ್ತುವುದಿಲ್ಲ ಎಂದು ನಾನು ಜನವರಿಯಲ್ಲಿ ಗೊಣಗಿದರೆ, ಡಿಸೆಂಬರ್‌ವರೆಗೂ ಬೆಂಕಿಪೊಟ್ಟಣವೇ ಗತಿ. ನಡುವೆ ನಾನೇ ಕೊಂಡುಕೊಂಡರೆ ಇವರಿಗೆ ಮುನಿಸು. ಒಂದು ವರ್ಷ ಇವರು "ಈ ಕನ್ನಡಿ ಯಾಕೋ ಮಂಜಾಗಿದೆ, ಗಡ್ಡನೇ ಸರಿಯಾಗಿ ಕಾಣಲ್ಲ" ಎಂದು ತಿಂಗಳುಗಟ್ಟಲೆ ಗೊಣಗಿದರು. ನಾನು ದೊಡ್ಡ ಹೊಸ ಕನ್ನಡಿ ತಂದು ಕೊಟ್ಟೆ. ಅದರಲ್ಲೂ ಕಾಣಲಿಲ್ಲ. ಪೊರೆ ಬಂದಿದ್ದದ್ದು ಕಣ್ಣಿಗೆ. ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಇವರು ಆ ಹೊಸ ಕನ್ನಡಿಯ ಮುಂದೆ ನಿಂತು, "ಅಯ್ಯೋ, ಇಷ್ಟು ಮುದುಕ ಆಗಿದೀನಾ? ಹಳೇದೇ ಚೆನ್ನಾಗಿತ್ತು" ಎಂದರು. ನಾವಿಬ್ಬರೂ ನಕ್ಕು ನಕ್ಕು ಸಾಕಾಯಿತು.

ಶಾಲೆಯ ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿದರೆ ನನ್ನ ಗೆಳತಿಯರು ಮೂಗು ಮುರಿಯುತ್ತಿದ್ದರು. ಗಂಡನನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಸ್ಟೂಲಿನ ಮೇಲೆ ಕೂರಿಸಿ, ತಾವೇ ಆರಿಸಿಕೊಂಡು, ಗಂಡ ಕೊಡಿಸಿದರು ಎಂದು ಹೇಳಿಕೊಳ್ಳುವವರು ಅವರು. ಅದು ಸುಲಭ ನಿಜ. ಆದರೆ ಅದರಲ್ಲಿ ಕೇಳಿಸಿಕೊಳ್ಳುವುದು ಎಲ್ಲಿ ಬಂತು? ಬಹಳ ವರ್ಷ ಒಟ್ಟಿಗಿದ್ದವರಿಗೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುವುದೇ ನಿಂತುಹೋಗಿರುತ್ತದೆ. ನಲ್ಲಿ ಸೋರುವ ಸದ್ದಿನ ಹಾಗೆ ಅದೂ ಒಂದು ಸದ್ದು. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ ಎಂಬ ಜಂಬ ನನಗಿತ್ತು, ಈಗಲೂ ಇದೆ.

ಇವರ ನಿವೃತ್ತಿಗೆ ಸ್ವಲ್ಪ ಮುಂಚೆ ಅಕ್ಕನ ಮನೆಯಲ್ಲಿ ಆಗಬಾರದ್ದು ಆಯಿತು. ಆ ವರ್ಷ ಅಣ್ಣ, ಎಡಗಾಲಿನ ಚಪ್ಪಲಿ ಜಾರುತ್ತದೆ, ನಡೆಯುವಾಗ ಕಳಚಿಕೊಂಡು ಹಿಂದೆಯೇ ಉಳಿಯುತ್ತದೆ ಎಂದು ಗೊಣಗುತ್ತಿದ್ದರು. ಗೋಡೆಯ ಈಚೆಗಿದ್ದ ನನಗೂ ಕೇಳುತ್ತಿತ್ತು. ಅಕ್ಕ ಗುಟ್ಟಾಗಿ ನನ್ನನ್ನು ಕರೆದುಕೊಂಡು ಹೋಗಿ ಹಿಂದೆ ಪಟ್ಟಿ ಇರುವ ಗಟ್ಟಿ ಸ್ಯಾಂಡಲ್ಸ್ ಕೊಂಡರು. ಹಬ್ಬಕ್ಕೆ ಒಂದು ವಾರವಿದೆ ಎನ್ನುವಾಗ ಅಣ್ಣ ಅಂಗಳದಲ್ಲಿ ಬಿದ್ದರು. ಎಡಭಾಗಕ್ಕೆ ಲಕ್ವ ಹೊಡೆದಿತ್ತು. ಚಪ್ಪಲಿಯಲ್ಲಿ ದೋಷವಿರಲಿಲ್ಲ, ಕಾಲಿನಲ್ಲಿ ಶಕ್ತಿ ಹೋಗುತ್ತಾ ಬಂದಿತ್ತು ಎಂದರು ಡಾಕ್ಟರು. ಹಾಸಿಗೆ ಹಿಡಿದ ಅಣ್ಣ ಮತ್ತೆ ಏಳಲೇ ಇಲ್ಲ, ಕೆಲವು ವರ್ಷಗಳ ಮೇಲೆ ತೀರಿಕೊಂಡರು. ಸ್ಯಾಂಡಲ್ಸ್ ಡಬ್ಬಿಯಲ್ಲೇ ಉಳಿಯಿತು.

"ಅವ್ರ ಕಾಲು ಸೋತಿತ್ತು ಟೀಚರ್. ನಾನು ಚಪ್ಪಲಿ ಅಂಗಡಿ ಸುತ್ತುತಾ ಇದ್ದೆ," ಎಂದು ಅಕ್ಕ ಎಷ್ಟು ಸಲ ಹೇಳಿದ್ದಾರೋ. ಅವರ ತಪ್ಪಿಲ್ಲ ಎಂದು ನಾನೂ ಅಷ್ಟೇ ಸಲ ಹೇಳಿದ್ದೇನೆ. ಆದರೆ ಆ ದಿನದಿಂದ ನನ್ನ ಕಿವಿಯೇ ಬದಲಾಯಿತು. ಇವರು ಏನು ಗೊಣಗಿದರೂ, ಇದಕ್ಕೆ ಅಂಗಡಿಗೆ ಹೋಗಬೇಕೋ ಆಸ್ಪತ್ರೆಗೆ ಹೋಗಬೇಕೋ ಎಂದೇ ಯೋಚಿಸುತ್ತಿದ್ದೆ. ತಲೆದಿಂಬು ಸರಿಯಿಲ್ಲ ಎಂದರೆ ಕತ್ತಿನ ಎಕ್ಸ್‌ರೇ, ಮೆಟ್ಟಿಲು ಎತ್ತರವಾಯಿತು ಎಂದರೆ ಇಸಿಜಿ. ಇವರಿಗೆ ರೇಗಿಹೋಯಿತು. "ನಿನ್ನ ಹತ್ರ ಬಾಯಿ ಬಿಡೋ ಹಾಗೇ ಇಲ್ವಲ್ಲ ಮಾರಾಯ್ತಿ," ಎಂದರು. ನಿಜವಾಗಿಯೂ ಬಾಯಿ ಬಿಡುವುದನ್ನು ಕಡಿಮೆ ಮಾಡಿದರು.

ನಿವೃತ್ತಿಯಾದ ಮೇಲೆ ನಾವು ಶಿವಮೊಗ್ಗಕ್ಕೆ ಬಂದೆವು. ಮಗಳ ಮನೆ ಎರಡು ಬೀದಿ ಆಚೆ. ಹೊಸ ಮನೆಯಲ್ಲಿ ಗೊಣಗುವುದಕ್ಕೆ ಬೇಕಾದಷ್ಟಿತ್ತು. ಮೋಟಾರು ಕೂಗುತ್ತಿತ್ತು, ಕಿಟಕಿಯ ಬಾಗಿಲು ಉಬ್ಬಿತ್ತು, ಎದುರಿನವರ ಕಾರು ನಮ್ಮ ಗೇಟಿಗೆ ಅಡ್ಡ ನಿಲ್ಲುತ್ತಿತ್ತು. ಆದರೂ ಇವರ ದನಿ ಇಳಿಯುತ್ತಾ ಬಂತು. ಹೋದ ವರ್ಷದ ಯುಗಾದಿ ಕಳೆದ ಮೇಲೆ ಪೂರ್ತಿ ನಿಂತೇಹೋಯಿತು. ಸಾರಿಗೆ ಉಪ್ಪು ಮರೆತರೂ "ಚೆನ್ನಾಗಿದೆ." ಅಕ್ಕಿರೊಟ್ಟಿ ಸೀದು ಕಪ್ಪಾದರೂ "ಚೆನ್ನಾಗಿದೆ." ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಕಿವುಚಿ, ಸ್ವಲ್ಪ ತಿಂದು ಏಳುತ್ತಿದ್ದರು. ವಯಸ್ಸಾಯಿತು, ಮನುಷ್ಯ ತಣ್ಣಗಾದರು ಎಂದು ಮಗಳು ನಕ್ಕಳು. ನನಗೆ ಮಾತ್ರ ಆ "ಚೆನ್ನಾಗಿದೆ" ಎಂಬ ಮಾತು ಹಿಡಿಸಲಿಲ್ಲ.

ದಸರೆಯ ಹೊತ್ತಿಗೆ ನೀರೂ ಗಂಟಲಲ್ಲಿ ನಿಲ್ಲತೊಡಗಿತು. ಆಸ್ಪತ್ರೆಯಲ್ಲಿ ಟ್ಯೂಬು ಇಳಿಸಿ ನೋಡಿದರು. ಅನ್ನನಾಳದಲ್ಲಿ ಗಡ್ಡೆ. ಎಷ್ಟು ದಿನದಿಂದ ನುಂಗಲು ಕಷ್ಟವಾಗುತ್ತಿದೆ ಎಂದು ಡಾಕ್ಟರು ಕೇಳಿದಾಗ ಇವರು ಅವರ ಕಡೆ ನೋಡದೆ ನನ್ನ ಕಡೆ ನೋಡಿ, "ಯುಗಾದಿ ಕಳೆದ ಮೇಲಿಂದ" ಎಂದರು.

ಹೊರಗೆ ಬಂದವಳೇ ನಾನು ಬೈದೆ. ಸುತ್ತ ಜನರಿದ್ದಾರೆ ಎನ್ನುವುದನ್ನೂ ನೋಡಲಿಲ್ಲ. "ಬಚ್ಚಲು ಚಿಲಕಕ್ಕೆ ಗೊಣಗೋಕೆ ಬರುತ್ತೆ, ಟೀ ಜಾಲರಿಗೆ ಗೊಣಗೋಕೆ ಬರುತ್ತೆ. ಇದಕ್ಕೆ ಬಾಯಿ ಬರ್ಲಿಲ್ವಾ ನಿಮಗೆ?"

"ಅಣ್ಣ ಬಿದ್ದ ಮೇಲೆ ನಾನು ಕೆಮ್ಮಿದ್ರೂ ನಿನ್ನ ಮುಖ ನೋಡೋಕಾಗ್ತಿರ್ಲಿಲ್ಲ," ಎಂದರು ಇವರು. "ಸುಮ್ನೆ ಇದ್ರೆ ತಾನಾಗೇ ಹೋಗುತ್ತೆ ಅಂದ್ಕೊಂಡೆ."

ನನಗೆ ಆಗ ಬಂದ ಸಿಟ್ಟು ಈಗಲೂ ಹೋಗಿಲ್ಲ. ನನ್ನನ್ನು ಹೆದರಿಸಬಾರದು ಎಂದು ಆ ಮನುಷ್ಯ ತನ್ನ ಗಂಟಲನ್ನೇ ಮುಚ್ಚಿಟ್ಟುಕೊಂಡಿದ್ದರು. ಅದನ್ನು ಪ್ರೀತಿ ಎನ್ನುತ್ತಾರೆ ಎಂದು ಗೊತ್ತು. ನನಗೆ ಆ ಪ್ರೀತಿ ಬೇಕಿರಲಿಲ್ಲ, ಗೊಣಗಾಟ ಬೇಕಿತ್ತು.

ಮುಂದಿನ ದಿನಗಳು ಆಸ್ಪತ್ರೆಗೂ ಮನೆಗೂ ಓಡಾಡಿದ್ದರಲ್ಲೇ ಹೋದವು. ನಮ್ಮಲ್ಲೊಂದು ದೊಡ್ಡ ಸ್ಟೀಲ್ ಫ್ಲಾಸ್ಕು ಇತ್ತು. ಜನ್ನಾಪುರದಲ್ಲಿದ್ದಾಗ ಒಂದು ಕ್ರಿಸ್‌ಮಸ್ಸಿಗೆ ಇವರೇ ಕೊಟ್ಟದ್ದು. ಸಂಜೆ ಒಂದೇ ಸಲ ಕಾಫಿ ಮಾಡಿ ಅದಕ್ಕೆ ತುಂಬಿಸಿಟ್ಟು, ಇಬ್ಬರೂ ಮಾತಾಡುತ್ತಾ ಎರಡೆರಡು ಸಲ ಕುಡಿಯುವುದು ನಮ್ಮ ರೂಢಿ. ಈಗ ಅದರಲ್ಲಿ ತೆಳ್ಳನೆಯ ಗಂಜಿ ತುಂಬಿಕೊಂಡು ಹೋಗುತ್ತಿದ್ದೆ. ರೋಗಿಯ ಮುಂದೆ ನಾನು ಯಾವುದಕ್ಕೂ ಗೊಣಗಬಾರದು ಎಂದು ತೀರ್ಮಾನ ಮಾಡಿಕೊಂಡಿದ್ದೆ. ಒಂದು ದಿನ ಲಿಫ್ಟು ಕೆಟ್ಟಿತ್ತು. ಮೆಟ್ಟಿಲು ಹತ್ತಿ ಬಂದು, ಇವರು ನಿದ್ದೆಯಲ್ಲಿದ್ದಾರೆ ಎಂದುಕೊಂಡು, "ಈ ಫ್ಲಾಸ್ಕು ಹೊತ್ತೂ ಹೊತ್ತೂ ಭುಜ ಬಿದ್ದುಹೋಯ್ತು, ಕಲ್ಲಿನ ಹಾಗಿದೆ" ಎಂದು ನನ್ನಷ್ಟಕ್ಕೆ ಹೇಳಿಕೊಂಡು ಕೆಳಗಿಟ್ಟೆ. ಆ ವರ್ಷ ನನ್ನ ಬಾಯಿಂದ ಬಂದ ಗೊಣಗಾಟ ಅದೊಂದೇ ಇರಬೇಕು.

ಡಿಸೆಂಬರಿನ ಮೊದಲಲ್ಲಿ ಮನೆಗೆ ಕಳಿಸಿದರು. ಇನ್ನು ಮಾಡುವಂಥದ್ದು ಹೆಚ್ಚಿಲ್ಲ, ಇಳಿದಷ್ಟು ಕುಡಿಸಿ, ನೋವಾಗದಂತೆ ನೋಡಿಕೊಳ್ಳಿ ಎಂದು ಡಾಕ್ಟರು ನನ್ನನ್ನೂ ಮಗಳನ್ನೂ ಪಕ್ಕಕ್ಕೆ ಕರೆದು ಹೇಳಿದರು. ಬೇಸಿಗೆ ದಾಟುವುದು ಕಷ್ಟ ಎಂದೂ ಹೇಳಿದರು. ಇವರಿಗೆ ಹೇಳಬಾರದು ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಇವರೂ ಏನೂ ಕೇಳಲಿಲ್ಲ. ಹೇಗಿದೆ ಎಂದರೆ, "ಚೆನ್ನಾಗಿದೆ."

ಹಬ್ಬಕ್ಕೆ ಮೂರು ನಾಲ್ಕು ದಿನವಿರುವಾಗ ಮಗಳನ್ನು ಇವರ ಹತ್ತಿರ ಕೂರಿಸಿ ದುರ್ಗಿಗುಡಿಯ ಅಂಗಡಿಬೀದಿಗೆ ಹೋದೆ. ಬೇಕರಿಗಳ ಮುಂದೆ ಕೇಕು ಜೋಡಿಸಿದ್ದರು, ಅಂಗಡಿಗಳಲ್ಲಿ ಬಣ್ಣದ ನಕ್ಷತ್ರ ನೇತುಹಾಕಿದ್ದರು. ಒಂದೊಂದು ಅಂಗಡಿಯ ಮುಂದೆಯೂ ನಿಂತೆ. ಇವರು ಯಾವುದಕ್ಕೂ ಗೊಣಗಿರಲಿಲ್ಲ, ನಾನು ಏನನ್ನು ಕೊಳ್ಳಲಿ? ಸ್ವೆಟರೇ? ಇದ್ದ ಸ್ವೆಟರೇ ಈಗ ಎರಡು ಸುತ್ತು ದೊಡ್ಡದಾಗಿತ್ತು. ಚಪ್ಪಲಿಯೇ? ಆ ಅಂಗಡಿಯ ಕಡೆ ಮುಖವನ್ನೂ ಮಾಡಲಿಲ್ಲ. ಇಷ್ಟು ವರ್ಷ ಸಂಸಾರ ಮಾಡಿ, ಗಂಡನಿಗೆ ಏನು ಬೇಕು ಎಂದು ತಿಳಿಯದೆ ಬೀದಿಯಲ್ಲಿ ನಿಂತಿದ್ದೇನೆ ಎನ್ನಿಸಿ ಕಣ್ಣಿಗೆ ನೀರು ಬಂತು. ಯಾರಾದರೂ ನೋಡಿಯಾರು ಎಂದು ಸೆರಗಿನಿಂದ ಮುಖ ಒರೆಸಿಕೊಂಡೆ.

ಆಗ ನೆನಪಾದದ್ದು ಛತ್ರಿ. ಪ್ರತಿವರ್ಷ ಜೂನ್‌ನಲ್ಲಿ ಇವರು ಮುರಿದ ಕಡ್ಡಿಯ ಛತ್ರಿಗೆ ಗೊಣಗುತ್ತಿದ್ದರು. ಡಿಸೆಂಬರ್ ಬರುವಷ್ಟರಲ್ಲಿ ಮಳೆ ಮುಗಿದು ನನಗೂ ಮರೆತಿರುತ್ತಿತ್ತು, ಇವರಿಗೂ ಮರೆತಿರುತ್ತಿತ್ತು. ಹಾಗಾಗಿ ಇಷ್ಟು ವರ್ಷದಲ್ಲಿ ಒಂದು ಒಳ್ಳೆಯ ಛತ್ರಿ ಬಂದಿರಲೇ ಇಲ್ಲ. ಬ್ಯಾಗಿನ ಅಂಗಡಿಯೊಂದಕ್ಕೆ ನುಗ್ಗಿ ಕೇಳಿದೆ.

"ಈಗ ಛತ್ರಿ ಯಾಕಮ್ಮ? ಮಳೆಗಾಲಕ್ಕೆ ಹೊಸ ಸ್ಟಾಕ್ ಬರುತ್ತೆ, ಆಗ ಬನ್ನಿ," ಎಂದ ಅಂಗಡಿಯವ.

"ನನಗೆ ಈಗ್ಲೇ ಬೇಕು," ಎಂದೆ. ನನ್ನ ದನಿ ಜೋರಾಗಿದ್ದಿರಬೇಕು. ಅವನು ಏಣಿ ಹಾಕಿ ಅಟ್ಟದಿಂದ ಧೂಳು ಹಿಡಿದ ಕಟ್ಟೊಂದನ್ನು ಇಳಿಸಿದ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿದೆ. ಕಪ್ಪು ಬಟ್ಟೆ, ಮರದ ಹಿಡಿ, ಇಬ್ಬರು ಆರಾಮವಾಗಿ ಹೋಗುವಷ್ಟು ಅಗಲ. ಮನೆಗೆ ಬರುವ ದಾರಿಯುದ್ದಕ್ಕೂ ನನಗೆ ಒಂದು ಥರದ ಧೈರ್ಯ ಬಂದಿತ್ತು. ಛತ್ರಿ ಬಂದಿದೆ ಎಂದ ಮೇಲೆ ಹಿಡಿಯುವವರು ಜೂನ್‌ವರೆಗೆ ಇರಲೇಬೇಕು ಎಂದು ನಾನು ಯಾರೊಂದಿಗೋ ಹಟ ಹಿಡಿದಂತಿತ್ತು.

ಹಬ್ಬದ ದಿನ ಅಕ್ಕ ಚರ್ಚಿನಲ್ಲಿ ಬೆಳಗಿನ ಪೂಜೆ ಮುಗಿಸಿ ಭದ್ರಾವತಿಯಿಂದ ಬಸ್ಸಿನಲ್ಲಿ ಬಂದರು. ಕೇಕಿನ ಚೂರನ್ನು ಹಾಲಿನಲ್ಲಿ ಕಿವುಚಿ ಇವರಿಗೆ ಚಮಚದಲ್ಲಿ ಕೊಟ್ಟರು. ಇವರು ಬಹಳ ಹೊತ್ತು ಬಾಯಲ್ಲಿಟ್ಟುಕೊಂಡು ನುಂಗಿ, "ಚೆನ್ನಾಗಿದೆ" ಎಂದರು. ನಾನು ಛತ್ರಿ ಕೊಟ್ಟೆ. ಕೈಯಲ್ಲಿ ಬಲವಿರಲಿಲ್ಲ, ನಾನೇ ಬಿಡಿಸಿ ಹಿಡಿದೆ. ಹಾಸಿಗೆಯ ಅರ್ಧದಷ್ಟು ಮುಚ್ಚಿಕೊಂಡಿತು. ಇವರು ಫಿಟರ್ ಅಲ್ಲವೇ, ಒಂದೊಂದೇ ಕಡ್ಡಿಯ ಮೇಲೆ ಬೆರಳಾಡಿಸಿ, "ಗಟ್ಟಿ ಇದೆ" ಎಂದರು.

"ಜೂನ್‌ಗೆ ಬೇಕಾಗುತ್ತಲ್ಲ," ಎಂದೆ.

"ಹೂಂ, ಬೇಕಾಗುತ್ತೆ."

ಆಮೇಲೆ ತಲೆದಿಂಬಿನ ಕೆಳಗಿನಿಂದ ಪೇಪರಿನಲ್ಲಿ ಸುತ್ತಿದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಬಿಚ್ಚಿದೆ. ಒಂದು ಫ್ಲಾಸ್ಕು. ನನ್ನ ಅಂಗೈಗಿಂತ ಸ್ವಲ್ಪ ಉದ್ದ, ಹಗುರ. ಅಂದು ಆಸ್ಪತ್ರೆಯಲ್ಲಿ ಇವರಿಗೆ ನಿದ್ದೆ ಬಂದಿರಲಿಲ್ಲ, ನನ್ನ ಮಾತು ಕಿವಿಗೆ ಬಿದ್ದಿದೆ ಎಂದು ತಿಳಿದು ಒಂದು ಕ್ಷಣ ಖುಷಿಯಾಯಿತು. ಗೊಣಗುವ ಅಭ್ಯಾಸ ನನ್ನನ್ನೂ ಬಿಟ್ಟಿರಲಿಲ್ಲ.

"ಇಷ್ಟು ಚಿಕ್ಕದಾ ರೀ? ಇಬ್ರಿಗೆ ಹೇಗೆ ಸಾಕಾಗುತ್ತೆ?"

"ಭಾರ ಅಂದ್ಯಲ್ಲ."

"ಭಾರ ಅಂದೆ, ನಿಜ. ಇಬ್ರಿಗೆ ಸಾಕಾಗಬೇಕಲ್ಲ?"

ಇವರು ಛತ್ರಿಯ ಕಡೆ ನೋಡಿದರು. ಆಮೇಲೆ, ಮಷೀನಿನ ಬಗ್ಗೆ ವಿವರಿಸುವಾಗ ಬರುತ್ತಿದ್ದ ಅದೇ ದನಿಯಲ್ಲಿ ಹೇಳಿದರು: "ದೊಡ್ಡದರಲ್ಲಿ ಒಂದೇ ಲೋಟ ಹಾಕಿಟ್ರೆ ಬೇಗ ಆರಿಹೋಗುತ್ತೆ ಮಾರಾಯ್ತಿ."

ಅಕ್ಕ ಎದ್ದು ಕಿಟಕಿಯ ಹತ್ತಿರ ಹೋಗಿ ಆ ಕಡೆ ಮುಖ ಮಾಡಿ ನಿಂತರು. ನಾನು ಬಿಡಿಸಿದ ಛತ್ರಿಯನ್ನು ಮಡಿಸಲು ನೋಡಿದೆ, ಗುಂಡಿ ಕೈಗೆ ಸಿಗಲಿಲ್ಲ. ನಾವು ಅಷ್ಟೊಂದು ಜೋಪಾನವಾಗಿ ಮುಚ್ಚಿಟ್ಟದ್ದು ಇವರಿಗೆ ಯಾವಾಗಿನಿಂದ ಗೊತ್ತಿತ್ತೋ. ಮಗಳು ಮೊದಲು ಸ್ವಲ್ಪ ದೊಡ್ಡ ಫ್ಲಾಸ್ಕು ತಂದಿದ್ದಳಂತೆ. ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದಲ್ಲ, ಇನ್ನೂ ಚಿಕ್ಕದು ಬೇಕು ಎಂದು ವಾಪಸ್ ಕಳಿಸಿದರಂತೆ. ಅಮ್ಮನಿಗೆ ಹೊರಲು ಹಗುರವಾಗಲಿ ಎಂದು ಅಪ್ಪ ಹೇಳಿದರು ಎಂದೇ ಅವಳು ತಿಳಿದಿದ್ದಳು.

ಯುಗಾದಿಗೆ ಮುಂಚೆಯೇ ಇವರು ಹೋದರು. ಕೊನೆಯವರೆಗೂ ಯಾವುದಕ್ಕೂ ಗೊಣಗಲಿಲ್ಲ.

ದೊಡ್ಡ ಫ್ಲಾಸ್ಕನ್ನು ತೊಳೆದು ಒರೆಸಿ ಮೇಲಿಟ್ಟಿದ್ದೇನೆ. ಛತ್ರಿಯನ್ನು ಹೊರಗೆ ತೆಗೆಯಲು ಈ ಮಳೆಗಾಲದಲ್ಲಿ ಬಹಳ ದಿನ ಮನಸ್ಸಾಗಲಿಲ್ಲ. ಮಗಳ ಮನೆಗೆ ನೆನೆದುಕೊಂಡೇ ಹೋಗಿ ಬೈಸಿಕೊಂಡೆ. ಮೊನ್ನೆ ಮಾತ್ರ ಮಳೆ ಬಿಡಲಿಲ್ಲ. ಬೇರೆ ದಾರಿಯಿಲ್ಲದೆ ಅದನ್ನೇ ಬಿಡಿಸಿಕೊಂಡು ತರಕಾರಿಗೆ ಹೋಗಿ ಬಂದೆ. ಹಿಡಿ ಭಾರ, ಗಾಳಿ ಬಂದರೆ ನನ್ನನ್ನೇ ಎಳೆಯುತ್ತದೆ, ಗೇಟಿನಲ್ಲಿ ನೆಟ್ಟಗೆ ತೂರುವುದಿಲ್ಲ. ಮನೆಗೆ ಬಂದು ನೀರು ಕೊಡವಿ ಗೋಡೆಗೆ ಒರಗಿಸುತ್ತಾ, "ಈ ಛತ್ರಿ ಒಬ್ಬರಿಗೆ ಬಹಳ ದೊಡ್ಡದಾಯ್ತು" ಎಂದು ಗೊಣಗಿದೆ, ಒಳಗಿನ ಕೋಣೆಗೆ ಕೇಳುವಷ್ಟು ಗಟ್ಟಿಯಾಗಿ. ಹಾಗೆಯೇ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತೆ. ಆಮೇಲೆ ಒಳಗೆ ಹೋಗಿ ಹೊರಡುವ ಮುಂಚೆ ತುಂಬಿಸಿಟ್ಟಿದ್ದ ಚಿಕ್ಕ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಕಾಫಿ ಬಗ್ಗಿಸಿಕೊಂಡೆ. ಇನ್ನೂ ಬಿಸಿಯಾಗಿತ್ತು.